ಕೆನಡಾದ ಹಾಕಿಗೆ ನಾನು ಮಾಡಿದ ಅನ್ಯಾಯ

ಹೋದ ಶನಿವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಇಲ್ಲೇ ಅಮೆರಿಕದ ಡ್ಯಾನ್‌ವಿಲ್‌ನ ಒಂದು ಸ್ಕೂಲಿನಲ್ಲಿ, ನಾನು ನನ್ನ ಸ್ವಂತ ಮೊಮ್ಮಗಳ ವಿರುದ್ಧ ಓಟು ಹಾಕಿದೆ.

ಬೈಯೋದಿದ್ದರೆ ಪೂರ್ತಿ ಓದಿ ಆಮೇಲೆ ಬೈಯಿರಿ. ವಾರ ವಾರ ನನ್ನ ಹರಟೆ ಸಹಿಸಿಕೊಂಡವರು, ಈ ವಾರ ನನ್ನ ಹಿಗ್ಗನ್ನೂ ಸಹಿಸಿಕೊಳ್ಳಿ. ಆ ಹುಡುಗಿ ಸ್ಟೇಜಿನ ಮೇಲೆ ನಿಂತದ್ದು ನೆನೆಸಿಕೊಂಡರೆ ಈಗಲೂ ನನಗೆ ಒಂದು ಕಡೆ ಕೂರೋಕೆ ಆಗುತ್ತಿಲ್ಲ.

ಮೊಮ್ಮಗಳು ಚಿತ್ರಾ. ಹನ್ನೊಂದು ವರ್ಷ. ಸ್ಕೂಲಿನಲ್ಲಿ ಡಿಬೇಟು. ವಿಷಯ ಏನು ಗೊತ್ತೇ? ಸಂಬಳಕ್ಕೆ ಆಡೋ ದೊಡ್ಡ ಹಾಕಿ ಟೀಮುಗಳನ್ನು ಕೆನಡಾದ ಇನ್ನಷ್ಟು ಊರುಗಳಿಗೆ ಕೊಡಬೇಕೇ, ಬೇಡವೇ? (ಲೋಕದಲ್ಲಿ ಬೇರೆ ತಾಪತ್ರಯವೆಲ್ಲ ಮುಗಿದಿದೆ ಅಂತ ನನಗೆ ಆವತ್ತೇ ಗೊತ್ತಾದದ್ದು.) ನಮ್ಮ ಮೈಸೂರಿನಲ್ಲಿ ಹಾಕಿ ಅಂದರೆ ಮೈದಾನದ ಧೂಳಿನಲ್ಲಿ ಆಡೋದು. ಇಲ್ಲಿಯವರದ್ದು ಐಸಿನ ಮೇಲೆ, ಕಾಲಿಗೆ ಕತ್ತಿ ಕಟ್ಟಿಕೊಂಡು.

ಚೀಟಿ ಎತ್ತಿದಾಗ ಚಿತ್ರಾಗೆ ಬಂದದ್ದು ಕೆನಡಾ ಪಕ್ಷ. ಎದುರಿಗೆ ಪಕ್ಕದ ಬೀದಿಯ ಕೆವಿನ್. ಕೆನಡಾಗೆ ಬೇಡ, ಇನ್ನೊಂದು ಟೀಮೂ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ನಮ್ಮ ಬೇ ಏರಿಯಾಗೇ ಬರಲಿ ಅನ್ನೋ ಪಕ್ಷ ಅವನದ್ದು. ಗೆದ್ದವರಿಗೆ ಸ್ಯಾನ್ ಫ್ರಾನ್ಸಿಸ್ಕೋದ ದೊಡ್ಡ ಡಿಬೇಟಿನಲ್ಲಿ ಜಾಗ. ಹೋದ ವರ್ಷ ಚಿತ್ರಾ ಸ್ಟೇಜು ಹತ್ತಿ, ಬಾಯಿ ಬಿಡದೆ ಇಳಿದು ಬಂದಿದ್ದಳು. ಈ ಸಲ ಗೆಲ್ಲಲೇಬೇಕು ಅಂತ ಹಟ.

"ಅಜ್ಜಿ, ಎವ್ರಿಬಡಿ ವಾಂಟ್ಸ್ ಇಟ್ ಹಿಯರ್. ಈವನ್ ಐ ವಾಂಟ್ ಇಟ್ ಹಿಯರ್," ಅಂತ ಅಡಿಗೆಮನೆಯಲ್ಲಿ ಗಲ್ಲಕ್ಕೆ ಕೈ ಕೊಟ್ಟು ಕೂತಳು.

"ಇಲ್ಲಿ ಮೊದಲು ಟೀಮು ಇರಲೇ ಇಲ್ಲವೇನೇ?" ಅಂದೆ.

ಇತ್ತಂತೆ. ಓಕ್ಲೆಂಡಿನಲ್ಲಿ. ನೋಡೋಕೆ ಜನ ಸಾಲದೆ ಊರು ಬಿಟ್ಟಿತಂತೆ. ಹತ್ತಿರದ ಊರಲ್ಲಿ ಇನ್ನೊಂದು ಈಗಲೂ ಇದೆಯಂತೆ. ಅತ್ತ ಕೆನಡಾದಲ್ಲಿ ಸ್ಯಾಸ್ಕಟೂನ್ ಅಂತ ಒಂದು ಊರು. ಕೊಳ ಯಾವಾಗ ಹೆಪ್ಪುಗಟ್ಟುತ್ತೋ ಅಂತ ಮಕ್ಕಳು ಕೋಲು ಹಿಡಿದು ಕಾಯ್ತವಂತೆ. ನಮಗೊಂದು ಟೀಮು ಕೊಡಿ ಅಂದರೆ, ನಿಮ್ಮದು ಚಿಕ್ಕ ಊರು ಅಂತಾರಂತೆ.

ನನಗೆ ಮದುವೆಮನೆ ಪಂಕ್ತಿ ಕಣ್ಣಿಗೆ ಕಟ್ಟಿತು.

"ನೋಡು ಪುಟ್ಟಿ, ಪಂಕ್ತಿಯ ಈ ತುದಿಯಲ್ಲಿ ಬೀಗರು. ಹೊಟ್ಟೆ ತುಂಬಿ ಎಲೆಗೆ ಕೈ ಅಡ್ಡ ಹಿಡಿದಿರ್ತಾರೆ. ಬಡಿಸೋನು ಆ ಕೈ ಸರಿಸಿ ಇನ್ನೊಂದು ಹೋಳಿಗೆ ಹಾಕ್ತಾನೆ. ಆ ತುದಿಯಲ್ಲಿ ಕೂತವನು ಹಸಿದುಕೊಂಡು ಬರೀ ಎಲೆ ನೋಡ್ತಿರ್ತಾನೆ. ಅವನು ಬೀಗನಲ್ಲ, ಅಷ್ಟೇ ತಪ್ಪು."

ಅವಳು ಎದ್ದು ಪೆನ್ಸಿಲು ಹುಡುಕಿದಳು.

ಶನಿವಾರ ಸ್ಟೇಜಿನ ಮೇಲೆ "ಮೈ ಗ್ರ್ಯಾಂಡ್‌ಮದರ್ ಸೇಸ್" ಅಂತಲೇ ಶುರು ಮಾಡಿದಳು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನ್ನ ಮಾತನ್ನು ಇಂಗ್ಲಿಷಿನಲ್ಲಿ ಯಾರಾದರೂ ಹೀಗೆ ಎತ್ತಿ ಹೇಳಿದ್ದುಂಟೇ? ಬಾಳೆಲೆ ಬಂತು, ಹೋಳಿಗೆ ಬಂತು, ಅಡ್ಡ ಹಿಡಿದ ಕೈಯನ್ನು ಮಾಡಿ ತೋರಿಸಿದಳು. ಜನ ನಕ್ಕರು. ಓಕ್ಲೆಂಡು ಬಡಿಸಿದ್ದನ್ನು ಎಲೆಯಲ್ಲೇ ಬಿಟ್ಟು ಎದ್ದುಹೋಯಿತು, ಸ್ಯಾಸ್ಕಟೂನ್ ಇನ್ನೂ ಕೂತಿದೆ ಅಂದಾಗ ಒಬ್ಬ ಟೀಚರು ಚಪ್ಪಾಳೆ ತಟ್ಟಿದರು. ನಾನು ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ.

ಆಮೇಲೆ ಕೆವಿನ್. ಪಾಪ, ನಡುವೆ ಮರೆತುಹೋಯಿತು. ಕಿವಿ ಕೆಂಪಾಯಿತು. ಅವನ ತಾಯಿ ನನ್ನ ಪಕ್ಕದಲ್ಲೇ ಕೂತು ಕರ್ಚೀಫು ಹಿಂಡುತ್ತಿದ್ದರು. ನನಗೆ ಜ್ವರ ಬಂದಾಗ ಮನೆಗೆ ಸೂಪು ತಂದುಕೊಟ್ಟ ಹೆಂಗಸು.

ಎಲ್ಲರ ಕೈಗೂ ಎರಡೆರಡು ಚೀಟಿ ಬಂತು. ನೀಲಿ ಕೆನಡಾಗೆ, ಹಳದಿ ಬೇ ಏರಿಯಾಗೆ. ಒಂದನ್ನು ಡಬ್ಬಿಗೆ ಹಾಕಬೇಕು. ನಾನು ಯೋಚನೆ ಮಾಡಿದೆ. ಚಿತ್ರಾ ಹೇಗೂ ಗೆದ್ದಾಯಿತು. ನಮ್ಮ ಮನೆ ಹುಡುಗಿಗೆ ನಾವೇ ಹಾಕಿಕೊಂಡರೆ ಏನು ಚೆನ್ನ? ಆ ಮಗುವಿಗೂ ಒಂದು ಬೀಳಲಿ.

ಹಳದಿ ಹಾಕಿದೆ.

ಚಿತ್ರಾ ಎರಡು ಓಟಿನಲ್ಲಿ ಸೋತಳು.

ಕಾರಿನಲ್ಲಿ ತಡೆಯಲಾರದೆ ನಾನೇ ಒಪ್ಪಿಕೊಂಡೆ. ಮಗಳು ತಿರುಗಿ ನನ್ನನ್ನೇ ನೋಡಿದಳು. "ಅಮ್ಮಾ, ನೀನೂನಾ? ಕೆವಿನ್ ತಾಯಿ ಮಂಗಳವಾರ ಮಂಗಳವಾರ ಇವಳನ್ನ ಸ್ವಿಮ್ಮಿಂಗಿಗೆ ಕರ್ಕೊಂಡು ಹೋಗ್ತಾರೆ. ನೀವಿಬ್ರೂ ಹೇಗೂ ಇವಳಿಗೇ ಹಾಕ್ತೀರಿ ಅಂತ ನಾನು..."

ಡ್ರೈವ್ ಮಾಡುತ್ತಿದ್ದ ಅಳಿಯಂದಿರು ಕೆಮ್ಮಿದರು. ಡಾಕ್ಟರು ಸುಮ್ಮನೆ ಕೆಮ್ಮೋದಿಲ್ಲ. "ಅತ್ತೆ, ಕೆವಿನ್ ಅಪ್ಪ ನನ್ನ ಪೇಷೆಂಟು. ನೀವಿಬ್ರೂ ಇದ್ದೀರಲ್ಲ ಅಂತ ನಾನೂ..."

ಒಬ್ಬರು ಈ ಕಡೆ ಹಾಕಿದ್ದರೆ ಸಮ. ಇಬ್ಬರು ಹಾಕಿದ್ದರೆ ಗೆಲುವು. ನಾವು ಮೂವರಿದ್ದೆವು.

"ಸೋ, ನೋಬಡಿ," ಅಂದಳು ಚಿತ್ರಾ. ಮನೆಗೆ ಬಂದವಳೇ ರೂಮು ಸೇರಿ ಬಾಗಿಲು ಹಾಕಿಕೊಂಡಳು. ನಾನು ಬಾಗಿಲ ಹತ್ತಿರ ನಿಂತು, ನಿನ್ನ ಮಾತು ಕೇಳಿ ನನಗೆ ಸಂತೋಷಕ್ಕೆ ಅಳು ಬಂತು ಕಣೇ ಅಂದೆ.

ಒಳಗಿಂದ ಉತ್ತರ ಬಂತು: "ಅತ್ತುಬಿಟ್ಟು ಆಮೇಲೆ ಅವನಿಗೆ ಯಾಕೆ ಹಾಕಿದೆ?"

ನಾನು ಇಲ್ಲಿಗೆ ಬಂದ ಮೇಲೆ ಅವಳು ನನ್ನ ಹತ್ತಿರ ಆಡಿದ ಮೊದಲ ಪೂರ್ತಿ ಕನ್ನಡದ ಮಾತು ಅದು. ನೀವೇ ಹೇಳಿ, ಹಿಗ್ಗಲೋ, ತಲೆ ತಗ್ಗಿಸಲೋ? (ಎರಡೂ ಮಾಡಿದೆ.)

ಸ್ಯಾಸ್ಕಟೂನಿನಲ್ಲೂ ನಮ್ಮಂಥವರ ನಾಲ್ಕು ಮನೆ ಇದ್ದರೆ, ಆ ಊರಿಗೆ ಇನ್ನೂ ಯಾಕೆ ಟೀಮು ಸಿಕ್ಕಿಲ್ಲ ಅಂತ ಈಗ ನನಗೆ ಅರ್ಥವಾಗುತ್ತೆ.