ಹುಡೇವಿನ ಆಚೆ ಬಿದ್ದ ನಿಂಬೆಹಣ್ಣು

ಶ್ರಾವಣ ಬಂತೆಂದರೆ ರಾಯಚೂರಿನ ನಮ್ಮ ಓಣಿಯ ಒಂದೆರಡು ಮನೆಗಳಿಂದ ಈಗಲೂ ಜೋಳದ ಅಳ್ಳು ಹುರಿಯುವ ವಾಸನೆ ಬರುತ್ತದೆ. ನೀರು ಚಿಮುಕಿಸಿದ ಜೋಳ ಕಾದ ಹಂಚಿನ ಮೇಲೆ ಚಟಪಟ ಸಿಡಿದು ಬಿಳಿ ಹೂವಾಗುವಾಗಿನ ಆ ಬೆಚ್ಚನೆಯ ವಾಸನೆ ನಿಮಗೂ ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ನೀವು ನಮ್ಮ ಸೀಮೆಯವರಲ್ಲ, ಪಾಪ, ಏನು ಮಾಡುವುದು! ನನಗಂತೂ ಅದು ಮೂಗಿಗೆ ಬಿದ್ದರೆ ಸಾಕು, ಮಲ್ಲಟದ ನಮ್ಮ ಮಣ್ಣಿನ ಮಾಳಿಗೆ ಮನೆ ಕಣ್ಣ ಮುಂದೆ ಎದ್ದು ನಿಲ್ಲುತ್ತದೆ. ಬಾಗಿಲ ಪಕ್ಕದಲ್ಲೇ ಕುರಿಹಟ್ಟಿ, ಪಡಸಾಲೆಯ ಗೂಟಕ್ಕೆ ಮಳೆಯಲ್ಲಿ ನೆನೆದು ಹಸಿ ಉಣ್ಣೆ ನಾರುವ ಅಪ್ಪನ ಕಂಬಳಿ, ಒಳಗೆ ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ಅಳ್ಳು ಹುರಿಯುವ ಅಜ್ಜಿ, ಬಿಸಿ ಬೆಲ್ಲದ ಪಾಕಕ್ಕೆ ಕೈ ಹಾಕಿ ಶೇಂಗಾ ಉಂಡಿ ಕಟ್ಟುವ ನಮ್ಮವ್ವ. ಅವ್ವ ಉಂಡಿ ಕಟ್ಟಿ ಇಡುವುದು, ಹಿಂದಿನಿಂದ ಒಂದು ಉದ್ದನೆಯ ಕೈ ಬಂದು ಅದನ್ನು ಎತ್ತಿಕೊಂಡು ಹೋಗುವುದು. ಆ ಕೈ ನಮ್ಮ ಅತ್ತೆ ಹುಲಿಗೆವ್ವನದು, ಅಂದರೆ ಅಪ್ಪನ ತಂಗಿಯದು. ಆಗ ಅವಳಿಗಿನ್ನೂ ಮದುವೆಯಾಗಿರಲಿಲ್ಲ. ನಿಜಾಮರ ರಾಜ್ಯ ನಡೆದಿತ್ತು, ನಾನು ಅವಳ ಸೀರೆಯ ಸೆರಗು ಹಿಡಿದುಕೊಂಡೇ ಊರು ತಿರುಗುವಷ್ಟು ಸಣ್ಣವಳು.

ಹುಲಿಗೆವ್ವತ್ತೆ ಎತ್ತರದವಳು. ನಮ್ಮ ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು, ಮರೆತಳೋ ಹಣೆಗೆ ಏಟು. ಬಣ್ಣ ನಮ್ಮ ಎರೆ ಹೊಲದ ಬಣ್ಣ. ಹೆಗಲು ಅಗಲ. ಇಷ್ಟಿದ್ದರೆ ಸಾಲದೇ, ಊರಿಗೆ ಮಾತಾಡಲು ಬೇರೆ ಏನು ಬೇಕು? ಜೋಳ ಹಾಲುಗಾಳಾದಾಗ ಹೊಲದ ನಡುವಿನ ಅಟ್ಟದ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಕಾಯುವುದು ಅವಳ ಕೆಲಸ. ಅವಳು ಕವಣೆಯಲ್ಲಿ ಕಲ್ಲಿಟ್ಟು ತಲೆಯ ಮೇಲೆ ತಿರುಗಿಸಿ ಬಿಟ್ಟರೆ ಕಲ್ಲು ಗುಂಯ್ ಎಂದು ಹೋಗಿ, ಇಂಥ ತೆನೆಯ ಪಕ್ಕದಲ್ಲಿ ಬೀಳಬೇಕು ಎಂದರೆ ಅಲ್ಲೇ ಬೀಳುತ್ತಿತ್ತು. ಹಕ್ಕಿಗೆ ಎಂದೂ ಹೊಡೆದವಳಲ್ಲ, ಬೆದರಿಸುತ್ತಿದ್ದಳು ಅಷ್ಟೇ. ಆದರೆ ದಾರಿಯಲ್ಲಿ ಹೋಗುವವರು ಹೇಳುತ್ತಿದ್ದ ಮಾತೇ ಬೇರೆ: "ಈ ಹೊಲಕ್ಕ ಬೆರ್ಚಪ್ಪ ಯಾಕ ಬೇಕ್ರೀ, ಹುಲಿಗೆವ್ವನ ಮಾರಿ ನೋಡೇ ಗುಬ್ಬಿ ಓಡಿ ಹೋಗ್ತಾವ!" ಅಜ್ಜಿಗೆ ಕೇಳಿಸಿದರೆ ಮುಗಿಯಿತು, ಅವರ ಏಳು ತಲೆಮಾರು ತೊಳೆದು ಒಣಗಲು ಹಾಕುತ್ತಿದ್ದಳು. ಅತ್ತೆ ಮಾತ್ರ ನಗುತ್ತಿದ್ದಳು. "ಗಡಿಗಿ ಬಾಯಿ ಮುಚ್ಚಬೌದು ಯವ್ವಾ, ಊರ ಬಾಯಿ ಹೆಂಗ ಮುಚ್ಚತಿ, ಬಿಡು," ಎನ್ನುತ್ತಿದ್ದಳು. ಆದರೆ ನನ್ನ ಹತ್ತಿರ ಅಟ್ಟದ ಮೇಲೆ ಕೂತಾಗ ಒಮ್ಮೆ ಹೇಳಿದ್ದಳು: "ನನ್ನ ಮಾರಿ ಬಗ್ಗಿ ಏನ ಬೇಕಾದ್ದ ಅನ್ಲಿ. ನನ್ನ ಕಲ್ಲು ಎಲ್ಲಿ ಬಿತ್ತು ಅನ್ನೂದು ಒಬ್ರೂ ನೋಡಂಗಿಲ್ಲಲ್ಲ, ಅದು ನೋಡು ಹೊಟ್ಟಿ ಉರೀತದ."

ಪಂಚಮಿ ಎಂದರೆ ನಮ್ಮಲ್ಲಿ ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ನಿಂಬೆಹಣ್ಣಿನ ಪಂದ್ಯ. ಊರ ಅಂಚಿನಲ್ಲಿ ಹಳೆಯ ಕಾಲದ ಕಾವಲು ಗೋಪುರವೊಂದಿತ್ತು. ಕಲ್ಲು ಮಣ್ಣಿನ ದುಂಡನೆಯ ಕಟ್ಟಡ, ಹುಡೇವು ಎನ್ನುತ್ತಿದ್ದೆವು. ಈಚೆ ಬೇವಿನ ಮರದ ಬುಡದಲ್ಲಿ ನಿಂತು ನಿಂಬೆಹಣ್ಣನ್ನು ಹುಡೇವಿನ ನೆತ್ತಿ ದಾಟಿಸಿ ಆಚೆ ಬಯಲಿಗೆ ಒಗೆಯಬೇಕು. ಎಲ್ಲರಿಗಿಂತ ದೂರ ಒಗೆದವನಿಗೆ ಊರ ಗೌಡರಾದ ಮಾಲಿಪಾಟೀಲರು ತಮ್ಮ ಕೈಯಾರೆ ಕೆಂಪು ರುಮಾಲು ಸುತ್ತುತ್ತಿದ್ದರು. ಶ್ರಾವಣದ ಮಳೆಗೆ ಬಯಲೆಲ್ಲ ಕೆಸರು, ಹಣ್ಣು ಬಿದ್ದಲ್ಲೇ ಹೂತು ಕೂರುತ್ತಿತ್ತು, ಹಾಗಾಗಿ ಜಗಳಕ್ಕೆ ಜಾಗವಿರಲಿಲ್ಲ. ಎಲ್ಲಿ ಬಿತ್ತೆಂದು ನೋಡಲು ಇಬ್ಬರನ್ನು ಆಚೆ ನಿಲ್ಲಿಸುತ್ತಿದ್ದರು. ವರ್ಷಾ ವರ್ಷಾ ರುಮಾಲು ಹೋಗುತ್ತಿದ್ದದ್ದು ಗರಡಿಮನೆಯ ಬಸಲಿಂಗನ ತಲೆಗೆ.

ಆ ವರ್ಷವೂ ಬಸಲಿಂಗ ಒಗೆದ. ಹಣ್ಣು ಹುಡೇವಿನ ನೆತ್ತಿಗೆ ತಾಗಿತೋ ಇಲ್ಲವೋ ಎನ್ನುವಂತೆ ಸವರಿಕೊಂಡು ಆಚೆ ಹೋಯಿತು. ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಜೀಕುತ್ತಿದ್ದ ನಮ್ಮತ್ತೆ ಕಿಸಕ್ಕೆಂದು ನಕ್ಕುಬಿಟ್ಟಳು. ಬಸಲಿಂಗನಿಗೆ ಸಿಟ್ಟು ಬಂತು. "ಜೋಕಾಲಿ ಮ್ಯಾಲ ಕುಂತು ನಗೂದು ಭಾಳ ಹಗರ ಅದ ಬೇ. ಕೆಳಗಿಳದು ಒಗದು ತೋರ್ಸು!" ಎಂದ. ಹುಡುಗಾಟಕ್ಕೆ ಅಂದದ್ದು. ಆದರೆ ಅತ್ತೆ ಜೋಕಾಲಿ ನಿಲ್ಲುವ ಮೊದಲೇ ಹಾರಿ ಇಳಿದಳು. "ಅಯ್ಯ ಶಿವನ, ಮಾನಾ ಕಳೀಬ್ಯಾಡ ನನ ಮಗಳ!" ಎಂದು ಅಜ್ಜಿ ಕೂಗುತ್ತಲೇ ಇದ್ದಳು, ಇವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿರಿಗೆ ಮೇಲೆತ್ತಿ ಕಚ್ಚೆ ಹಾಕಿದಳು, ಬುಟ್ಟಿಯಿಂದ ಗಟ್ಟಿ ಹಣ್ಣೊಂದು ಆರಿಸಿದಳು, ನಾಲ್ಕು ಹೆಜ್ಜೆ ಓಡಿ ಒಗೆದೇಬಿಟ್ಟಳು.

"ಎಲ್ಲಿ ಬಿತ್ತು?" ಮಾಲಿಪಾಟೀಲರು ಕೇಳಿದರು. ಆಚೆ ಬಯಲಲ್ಲಿ ನಿಲ್ಲಿಸಿದ್ದ ಇಬ್ಬರನ್ನು ಕರೆಯಿರಿ ಎಂದರೆ, ಆ ಮಹಾಶಯರು ಹುಲಿಗೆವ್ವ ಒಗೆಯುತ್ತಾಳಂತೆ ಎಂದು ಕೇಳಿ ಈಚೆಗೆ ಓಡಿಬಂದು ಎಲ್ಲರಿಗಿಂತ ಮುಂದೆ ನಿಂತಿದ್ದರು! ಮತ್ತೆ ಈಚೆಗಿದ್ದವರು ನೋಡಿದ್ದೇನು? ಒಬ್ಬ ಅಂದ, "ನಾ ಆಕಿ ತೋಳಿನ ಮ್ಯಾಲಿನ ಹಚ್ಚಿ ನೋಡಾಕತ್ತಿದ್ದೆ." ಇನ್ನೊಬ್ಬನಿಗೆ ಕಚ್ಚೆ ಎಷ್ಟು ಮೇಲೆ ಹೋಗಿದೆ ಎನ್ನುವ ಚಿಂತೆ. ಹೆಂಗಸರೇನು ಕಡಿಮೆಯೇ, ಒಬ್ಬಳು "ಕುಬಸದ ಬಗಲು ಹರೀತು ನೋಡವಾ," ಅಂದರೆ ಮತ್ತೊಬ್ಬಳು "ಓಡೂವಾಗ ಥೇಟ್ ಒಂಟಿ," ಅಂದಳು. ಅಜ್ಜಿ ಮಗಳ ಸೆರಗು ಜಾರೀತೆಂದು ಸೆರಗನ್ನೇ ನೋಡಿದ್ದಳು. ನಾನು? ನಾನು ಅತ್ತೆಯ ಮೂಗುಬಟ್ಟು ಬಿಸಿಲಿಗೆ ಹೊಳೆದದ್ದು ನೋಡಿದ್ದೆ. ಇಡೀ ಊರು ನೆರೆದಿತ್ತು, ನಿಂಬೆಹಣ್ಣನ್ನು ನೋಡಿದ ಒಂದು ಕಣ್ಣಿರಲಿಲ್ಲ. ಬಯಲಲ್ಲೋ ಬೆಳಗಿನಿಂದ ಒಗೆದ ಹಣ್ಣುಗಳು ಹರಡಿದ್ದವು, ಇವಳದು ಯಾವುದೆಂದು ಯಾರು ಹೇಳಬೇಕು. "ನೋಡಿದವ್ರ ಇಲ್ಲಂದ ಮ್ಯಾಲ ಲೆಕ್ಕಕ್ಕಿಲ್ಲ ತಂಗಿ," ಎಂದು ಪಾಟೀಲರು ರುಮಾಲನ್ನು ಬಸಲಿಂಗನ ಕಡೆ ಚಾಚಿದರು.

ಎಂದೂ ನಕ್ಕು ಬಿಡುತ್ತಿದ್ದ ನಮ್ಮತ್ತೆಯ ಕಣ್ಣು ಆಗ ತುಂಬಿದ್ದನ್ನು ನಾನು ಕಂಡೆ. ಒಂದು ಗಳಿಗೆ ಅಷ್ಟೇ. ಮೂಗು ಒರೆಸಿಕೊಂಡು ಅವಳು ಗಟ್ಟಿಯಾಗಿ ಅಂದಳು: "ತಡೀರಿ ಗೌಡ್ರ. ಮತ್ತೊಮ್ಮಿ ಒಗೀತೀನಿ. ಆದ್ರ ನೀವೆಲ್ಲಾ ಹುಡೇದ ಆ ಕಡಿ ಹೋಗ್ರಿ. ಹುಡುಗ್ರು, ಹೆಂಗಸ್ರು, ಎಲ್ಲಾರೂ. ಅಲ್ಲಿಂದ ನಾ ಕಾಣಂಗಿಲ್ಲ, ನಿಂಬಿಹಣ್ಣು ಕಾಣ್ತದ. ಬಸಲಿಂಗಣ್ಣನೂ ಈ ಕಡಿಯಿಂದನ ಒಗೀಲಿ. ಯಾವ ಹಣ್ಣು ದೂರ ಬಿತ್ತೋ ಅದಕ್ಕ ರುಮಾಲು." ಬಸಲಿಂಗ ಮೀಸೆ ತಿರುವಿ "ಹೂಂ, ಆಗ್ಲಿ," ಎಂದ. ಪಾಟೀಲರಿಗೂ ಮೋಜೆನಿಸಿತು. ಊರಿಗೆ ಊರೇ ಗೊಣಗುತ್ತ, ತಳ್ಳಾಡುತ್ತ, ಕೆಸರಲ್ಲಿ ಜಾರುತ್ತ ಹುಡೇವು ಸುತ್ತಿ ಆಚೆ ಹೋಯಿತು. ಈಚೆ ಉಳಿದವರು ಒಗೆಯುವವರಿಬ್ಬರು, ಅಜ್ಜಿ, ಸೆರಗು ಬಿಡದ ನಾನು. ಅಜ್ಜಿ ಒಂದು ಹಣ್ಣಿಗೆ ಕುಂಕುಮ ಬಳಿದು ಬಸಲಿಂಗನಿಗೆ ಕೊಟ್ಟಳು, ಇನ್ನೊಂದಕ್ಕೆ ವಿಭೂತಿ ಬಳಿದು ಮಗಳಿಗೆ ಕೊಟ್ಟಳು. ಯಾವುದು ಯಾರದೆಂದು ಆಚೆಯವರಿಗೆ ಗೊತ್ತಿರಲಿಲ್ಲ.

ಬಸಲಿಂಗ ಮೊದಲು ಒಗೆದ. ಹುಡೇವಿನ ಹಿಂದಿನಿಂದ "ಓಹೋ" ಎಂದು ಕೂಗೆದ್ದಿತು. ಆಮೇಲೆ ಅತ್ತೆ. ನಾನು ಆ ಸಲ ಮೂಗುಬಟ್ಟು ನೋಡಲಿಲ್ಲ. ಅವಳು ಕವಣೆ ಹಿಡಿದವಳಂತೆ ಕೈಯನ್ನು ಹಿಂದಕ್ಕೆ, ಇನ್ನೂ ಹಿಂದಕ್ಕೆ ಒಯ್ದಳು. ಎಡಗಾಲು ಕೆಸರಿನಲ್ಲಿ ಊರಿದ್ದೇ ತಡ, ಹಿಮ್ಮಡಿಯಿಂದ ಎದ್ದ ಜೋರು ಸೊಂಟಕ್ಕೆ ಬಂತು, ಹೆಗಲಿಗೆ ಬಂತು, ಹಣ್ಣು ಬೆರಳು ಬಿಟ್ಟಿತು. ಬೇವಿನ ತುದಿಗಿಂತ ಮೇಲೆ, ಹುಡೇವಿನ ನೆತ್ತಿಗಿಂತ ಎಷ್ಟೋ ಮೇಲೆ, ಮೋಡದ ಬಿಳುಪಿನಲ್ಲಿ ಚುಕ್ಕೆಯಾಗಿ ಹೋಯಿತು. ಅಜ್ಜಿ ನನ್ನ ಭುಜ ಹಿಂಡಿ ಹಿಡಿದಿದ್ದಳು. ಆಮೇಲೆ ಎದ್ದ ಕೂಗನ್ನು ಏನೆಂದು ಹೇಳಲಿ! ಬೇವಿನ ಮರದ ಕಾಗೆಗಳೆಲ್ಲ ಹಾರಿಹೋದವು. ಆ ಕೂಗಿನ ನಡುವೆ ಸ್ಪಷ್ಟವಾಗಿ ಕೇಳಿಸಿದ್ದು ಇಷ್ಟು: "ಭಲೇ ಬಸಲಿಂಗಾ! ಶಾಬಾಸ್ ನನ ಹುಲಿ!"

ಅತ್ತೆ ಬಸಲಿಂಗನ ಮುಖ ನೋಡಿದಳು, ಬಸಲಿಂಗ ಅತ್ತೆಯ ಮುಖ ನೋಡಿದ. ಗಂಡಸರು ಕುಣಿಯುತ್ತ ಬಂದು ಅವನನ್ನು ಹೆಗಲ ಮೇಲೆ ಎತ್ತಿಯೇಬಿಟ್ಟರು. ಪಾಟೀಲರು ಕೆಸರು ಮೆತ್ತಿದ ಹಣ್ಣನ್ನು ಎತ್ತಿ ಹಿಡಿದು, "ಹಳ್ಳದ ದಂಡಿಗಿ ಬಿದ್ದದ! ಇಂಥಾ ಕೈ ನಾ ಕಂಡಿದ್ದಿಲ್ಲ!" ಎಂದರು. ಹಣ್ಣಿನ ಮೈಮೇಲೆ ವಿಭೂತಿ ಇನ್ನೂ ಇತ್ತು. ಅಜ್ಜಿ ಬಾಯಿ ತೆರೆಯುವ ಮೊದಲೇ ಮೇಲಿದ್ದ ಬಸಲಿಂಗ ಕೂಗಿದ: "ಇಳಸ್ರಲೇ ನನ್ನ! ನನ್ನದು ಕುಂಕುಮದ್ದು. ಬೂದೀದು ಆಕೀದು."

ಗಂಡಸರ ಮುಖಗಳು ನೋಡುವಂತಿದ್ದವು. ಹೆಣ್ಣಿನ ತಲೆಗೆ ರುಮಾಲು ಸುತ್ತುವುದು ಹೇಗೆಂದು ಪಾಟೀಲರು ಹಿಂದೆ ಮುಂದೆ ನೋಡಿದರು. ಆಡಿದ ಮಾತು ಆಡಿಯಾಗಿತ್ತು, ಕೊನೆಗೆ ಸುತ್ತಲೇಬೇಕಾಯಿತು. ಅತ್ತೆಯ ಎತ್ತರಕ್ಕೆ ಅವರಿಗೆ ಬೇವಿನ ಮರದ ಕಟ್ಟೆ ಹತ್ತಬೇಕಾಗಿ ಬಂದು ನಗೆಯೋ ನಗೆ. ನಾವು ಅಳ್ಳು ಮೆಲ್ಲುತ್ತ ಅವಳ ಹಿಂದೆ ಮೆರವಣಿಗೆ ಹೊರಟೆವು. ಮೊದಲ ಓಣಿ ತಿರುಗುವಷ್ಟರಲ್ಲಿ ಬಾಗಿಲಲ್ಲಿ ನಿಂತ ಹೆಂಗಸೊಬ್ಬಳು, "ಕರೀ ಮಾರಿಗೆ ಕೆಂಪು ರುಮಾಲು ಚಂದ ಒಪ್ಪತದ ನೋಡವಾ," ಎಂದಳು. ಅತ್ತೆ ನಡುಬೀದಿಯಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ರುಮಾಲು ಬಿಚ್ಚಿ ಕೊರಳಿಗೆ ಬಿತ್ತು.

ಆಮೇಲೆ ದೇವದುರ್ಗದ ಕಡೆಯವರು ಹೆಣ್ಣು ನೋಡಲು ಬಂದು ಎತ್ತರ ಹೆಚ್ಚಾಯಿತು ಎಂದು ಹೋದರು. ಮಾನ್ವಿಯವರು ಬಂದು, ರೊಟ್ಟಿ ಬಡಿಯಲು ಕೈ ಗಟ್ಟಿ ಇದೆ ಎಂದು ಒಪ್ಪಿದರು. ಪ್ರತಿ ಪಂಚಮಿಗೂ ಅಪ್ಪ ಬಂಡಿ ಕಟ್ಟಿಕೊಂಡು ಹೋಗಿ ಅವಳನ್ನು ತವರಿಗೆ ಕರೆತರುತ್ತಿದ್ದ. ಬಂಡಿಯಿಂದ ಇಳಿದವಳು ಮೊದಲು ಕೇಳುತ್ತಿದ್ದದ್ದು "ನಿಂಬಿಹಣ್ಣು ತಂದೀರಿಲ್ಲೋ?" ಎಂದು. ಬಗಲಲ್ಲಿದ್ದ ಕೂಸನ್ನು ನನ್ನ ಕೈಗೆ ಕೊಟ್ಟು ಹೋಗಿ ಒಗೆದದ್ದೂ ಉಂಟು, ಬಸಲಿಂಗ ಸೋತು ನಕ್ಕದ್ದೂ ಉಂಟು. ಮುಂದೆ ರಜಾಕಾರರ ಗದ್ದಲ ಎದ್ದಿತು, ಪಂಚಮಿ ಬಾಗಿಲು ಹಾಕಿಕೊಂಡು ಮಾಡುವ ಹಬ್ಬವಾಯಿತು. ಗದ್ದಲ ಮುಗಿಯಿತು, ಪಂದ್ಯ ಮಾತ್ರ ಮತ್ತೆ ಶುರುವಾಗಲಿಲ್ಲ. ಅಜ್ಜಿ ಹೋದಳು, ಅವ್ವ ಅಪ್ಪ ಹೋದರು. ಹಟ್ಟಿಯ ಕುರಿ ಮಾರಿ ಹೋದವು. ಮಾಳಿಗೆ ಒಂದು ಮಳೆಗಾಲಕ್ಕೆ ಕುಸಿಯಿತು.

ಅತ್ತೆ ತೀರಿಕೊಂಡಾಗ ನಾನು ಮಾನ್ವಿಗೆ ಹೋಗಿದ್ದೆ. ಅವಳನ್ನು ಗೋಡೆಗೆ ಆನಿಸಿ ಕೂರಿಸಿ, ಅರಿಷಿಣ ಕುಂಕುಮ ಹಚ್ಚಿ, ಹೂ ಮುಡಿಸಿದ್ದರು. ಹೆಂಗಸರು ಅಳುತ್ತ ಹಾಡಿಕೊಳ್ಳುತ್ತಿದ್ದರು: "ಎಂಥಾ ಲಕ್ಷಣ ಇದ್ದೀ ಯವ್ವಾ, ಎಂಥಾ ಕಳಾ ನಿನ್ನ ಮಾರಿ ಮ್ಯಾಲ!" ನನಗೆ ಅಳುವಿನ ನಡುವೆಯೂ ನಗು ಬಂತು. ಆಗ ಬಸಲಿಂಗಣ್ಣ ಬಂದ. ಮಲ್ಲಟದಿಂದ ಬಸ್ಸು ಹತ್ತಿ, ಕೋಲೂರಿಕೊಂಡು ಬಂದಿದ್ದ, ಬೆನ್ನು ಬಾಗಿ ಅರ್ಧ ಆಳಾಗಿದ್ದ. ಜನ ದಾರಿ ಬಿಟ್ಟು, "ಬರ್ರಿ ಯಜ್ಜಾ, ಕಡೀ ಸಲ ಮಾರಿ ನೋಡ್ರಿ," ಎಂದರು.

"ಮಾರಿ ನೀವೆಲ್ಲಾರೂ ನೋಡೀರಲ್ಲ," ಎಂದ ಅವನು. ಕೋಲು ಬದಿಗಿಟ್ಟು ನೆಲಕ್ಕೆ ಕೂತ. ಹೊಸ ಸೀರೆಯ ಮರೆಯಿಂದ ಅವಳ ಬಲಗೈಯನ್ನು ಮೆಲ್ಲಗೆ ಹೊರಗೆ ತೆಗೆದು, ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡು ಬಹಳ ಹೊತ್ತು ಅದನ್ನೇ ನೋಡುತ್ತ ಕೂತಿದ್ದ.