ಉದಗೀರದ ಗಾಡಿ

ಐರ್ಲೆಂಡಿನ ಜನ ಹಳೆಯ ರೈಲುಡಬ್ಬಿಯೊಂದನ್ನು ಉಜ್ಜಿ ತೊಳೆದು ಕಾಪಾಡಿಟ್ಟಿರುವುದನ್ನು ಮೊಮ್ಮಗ ಮೊಬೈಲಿನಲ್ಲಿ ತೋರಿಸಿದ. ಆ ನೆಲದ ನಡುವೆ ಗಡಿ ಎಳೆದ ಮೇಲೂ ಅದು ಎರಡೂ ಕಡೆ ಓಡುತ್ತಿತ್ತಂತೆ. ನಾನು ನೋಡಿದ್ದು ಅದರ ಕಟ್ಟಿಗೆಯ ಬೆಂಚು. ನಮ್ಮ ಭಾಲ್ಕಿಯ ಗಾಡಿಯಲ್ಲೂ ಅಂಥದೇ ಇತ್ತು; ಕೂತೆದ್ದರೆ ಸೀರೆಗೆಲ್ಲ ಕಲ್ಲಿದ್ದಲಿನ ಮಸಿ.

1956ರಲ್ಲಿ ಭಾಲ್ಕಿ ಮೈಸೂರು ರಾಜ್ಯ ಸೇರಿದಾಗ, ಅದುವರೆಗೆ ನಮ್ಮದೇ ರಾಜ್ಯದಲ್ಲಿದ್ದ ಉದಗೀರ ಮುಂಬಯಿ ರಾಜ್ಯಕ್ಕೆ ಹೋಯಿತು. ಅಕ್ಕನ ಗಂಡನ ಮನೆ ಉದಗೀರದಲ್ಲಿ. ಬಾಣಂತನಕ್ಕೆ ಬಂದಿದ್ದ ಅವಳನ್ನು ಅವ್ವ ಕಳಿಸಲೊಲ್ಲಳು. ಗಡಿ ಎಂದರೆ ಗೋಡೆ ಎಂದೇ ತಿಳಿದಿದ್ದಳು. ದಾಟಿದ ಮಗಳು ಮತ್ತೆ ಬರಲಾರಳು ಎಂಬ ಹೆದರಿಕೆ. ಅಪ್ಪ ಹೇಳಿ ಹೇಳಿ ಸೋತ.

ಕೊನೆಗೆ ಅವ್ವ ನನ್ನ ಕೈ ಹಿಡಿದು ಸ್ಟೇಷನ್ನಿಗೆ ನಡೆದಳು. ಉದಗೀರದಿಂದ ಬಂದ ಗಾಡಿಯ ಡ್ರೈವರನನ್ನೇ ಕೇಳಿದಳು.

"ಯಪ್ಪಾ, ಗಡಿಯಾಗಿನ ಗ್ವಾಡಿ ಎಷ್ಟೆತ್ತರ ಅದರಿ?"

"ಗ್ವಾಡಿ ಇದ್ದರ ನಾ ಹಾರಿ ಬಂದೀನೇನವ್ವಾ? ಹಳಿ ಹ್ಯಾಂಗಿತ್ತೋ ಹಂಗೇ ಅದ."

"ನಾಳಿ ಕಟ್ಟಿದರ? ನನ್ನ ಮಗಳು ಆ ಕಡಿನೇ ಉಳೀತಾಳಲ್ರಿ?"

"ನಿಮ್ಮ ಮಗಳಿಗಿ ನಾನೇ ವಾಪಸ್ ತಂದು ಬಿಡ್ತೀನಿ. ಈಗ ಸರೀರಿ, ಉಗಿ ಬಿಡ್ತೀನಿ."

ಮರುವಾರ ಅಕ್ಕ ಕೂಸನ್ನೆತ್ತಿಕೊಂಡು ಹೊರಟಳು. ಅಂದಿನಿಂದ ಗಾಡಿ ಸಿಳ್ಳೆ ಹಾಕಿದಾಗಲೆಲ್ಲ ಅವ್ವ ಬೀಸುವ ಕಲ್ಲು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಪಂಚಮಿಗೆ ಅಕ್ಕ ಬಂದಿಳಿದಳು. ಅವ್ವ ಅಂದದ್ದು ಇಷ್ಟೇ: "ಎಷ್ಟು ಸೊರಗೀದಿ! ಆ ರಾಜ್ಯದಾಗ ಜ್ವಾಳ ಬೆಳೆಯಂಗಿಲ್ಲೇನು?"

ಈಗ ಅಕ್ಕನ ಮೊಮ್ಮಕ್ಕಳು ರೈಲು ಹತ್ತಿ ನಮ್ಮ ಮನೆಗೆ ಬರುತ್ತಾರೆ. ನನ್ನ ಹೋಳಿಗೆಗೆ ಬೆಲ್ಲ ಕಡಿಮೆ ಎಂದು ಮರಾಠಿಯಲ್ಲಿ ಕೊಂಕು ತೆಗೆದು, ನಾಲ್ಕು ತಿನ್ನುತ್ತಾರೆ.