ಸಫರಚಂದದ ಮೊದಲ ಹೂಗಳು

ನಮ್ಮ ಹಿತ್ತಲಿಗೆ ಸೇಬಿನ ಗಿಡಗಳು ಬಂದದ್ದು ಚಳಿಗಾಲದ ಒಂದು ಸಂಜೆ, ನನ್ನ ಗಂಡನ ಮೋಟರ್‌ಸೈಕಲ್ಲಿನ ಮೇಲೆ, ಒದ್ದೆ ಗೋಣಿಚೀಲದಲ್ಲಿ ಸುತ್ತಿಕೊಂಡು. ಅವರದು ಉಮರ್ಗಾದಲ್ಲಿ ಬೀಜ ಗೊಬ್ಬರದ ಅಂಗಡಿ. ಅಲ್ಲಿಗೆ ಬಂದುಹೋಗುವ ನರ್ಸರಿಯವರೊಬ್ಬರು, ಇದು ಬಿಸಿಲು ತಡೆಯುವ ಜಾತಿ, ಮನೆಯಲ್ಲಿ ಹಚ್ಚಿ ನೋಡಿ ಎಂದು ಮೂರು ಕಸಿ ಗಿಡ ಕೊಟ್ಟಿದ್ದರು. ಗಿಡ ಅನ್ನುವ ಹಾಗೂ ಇರಲಿಲ್ಲ, ಎಲೆಯಿಲ್ಲದ ಕಡ್ಡಿಗಳು. ಬುಡದಿಂದ ಗೇಣು ಮೇಲೆ ಒಂದೊಂದಕ್ಕೂ ಒಂದು ಗಂಟು. ಗಂಟಿನ ಸುತ್ತ ಪ್ಲಾಸ್ಟಿಕ್ ಪಟ್ಟಿ ಬಿಗಿದಿತ್ತು.

ಅತ್ತೆ ಕಟ್ಟೆಯ ಮೇಲೆ ಕೂತು ಬೇಳೆ ಹಸನು ಮಾಡುತ್ತಿದ್ದರು. ಮೊರ ಪಕ್ಕಕ್ಕಿಟ್ಟು ಕೇಳಿದರು, "ಏನೋ ಇವು?"

"ಸಫರಚಂದ, ಅವ್ವಾ."

ಮಹಾರಾಷ್ಟ್ರದ ಗಡಿಯ ನಮ್ಮ ಗುಂಜೋಟಿಯಲ್ಲಿ ಮರಾಠಿಯವರಿರಲಿ ಕನ್ನಡದವರಿರಲಿ, ಸೇಬಿಗೆ ಸಫರಚಂದ ಅನ್ನುವುದೇ ರೂಢಿ. ಅತ್ತೆ ನಕ್ಕುಬಿಟ್ಟರು. "ಗುಂಜೋಟಿ ಬಿಸಲಾಗ ಸಫರಚಂದ? ಕಾಶ್ಮೀರ ಏನ್ ಬಸ್ ಹತ್ತಿ ಯೆಣೆಗೂರ ಫಾಟಾಕ ಬಂದು ಇಳದದೇನು?"

ಗಂಡ ಬೆಳಿಗ್ಗೆ ಅಂಗಡಿಗೆ ಹೋದರೆ ಸಂಜೆಗೆ ಬರುವವರು. ಹಾಗಾಗಿ ಗಿಡಗಳ ಜೋಪಾನ ನನ್ನ ಪಾಲಿಗೆ ಬಂತು. ನಾನು ಹುಟ್ಟಿ ಬೆಳೆದದ್ದು ಬಸವಕಲ್ಯಾಣದ ಓಣಿಯೊಂದರಲ್ಲಿ. ತವರಿನಲ್ಲಿ ಡಬ್ಬದೊಳಗಿನ ಮಲ್ಲಿಗೆ ಬಳ್ಳಿ ಬಿಟ್ಟರೆ ಬೇರೆ ಗಿಡ ಸಾಕಿದವಳಲ್ಲ. ನರ್ಸರಿಯವರು ಫೋನಿನಲ್ಲಿ ಹೇಳಿದ್ದನ್ನು ಗಂಡ ನನಗೆ ಹೇಳುತ್ತಿದ್ದರು. ಕಪ್ಪು ಮಣ್ಣು, ನೀರು ನಿಂತರೆ ಬೇರು ಕೊಳೆಯುತ್ತದೆ, ದಿಬ್ಬ ಮಾಡಿ ಹಚ್ಚಬೇಕು. ಗಾಳಿಗೆ ಗಂಟು ಅಲುಗಬಾರದು, ಕೋಲು ಕಟ್ಟಬೇಕು. ಗಂಟಿನ ಕೆಳಗೆ ಏನೇ ಚಿಗುರಿದರೂ ಕಿತ್ತುಹಾಕಬೇಕು, ಅದು ಕಾಡು ಬೇರಿನ ಚಿಗುರು.

ಈ ಕೊನೆಯ ಮಾತು ನನಗೆ ಕಷ್ಟವಾಯಿತು. ಮೂರರಲ್ಲಿ ಮೊದಲು ಹಸಿರು ಕಂಡದ್ದೇ ಒಂದು ಗಿಡದ ಗಂಟಿನ ಕೆಳಗೆ. ಖುಷಿಯಿಂದ ಎಲ್ಲರನ್ನೂ ಕರೆದು ತೋರಿಸಿದೆ. ಗಂಡ ಫೋಟೋ ತೆಗೆದು ನರ್ಸರಿಯವರಿಗೆ ಕಳಿಸಿದರು. ಮೇಲೆ ಕಟ್ಟಿದ ಕಡ್ಡಿ ಒಣಗಿಹೋಗಿದೆ, ಇನ್ನು ಅದರಿಂದ ಸೇಬು ಬಾರದು ಎಂದು ಉತ್ತರ ಬಂತು. ಆ ಗಿಡವನ್ನು ಕಿತ್ತೆವು. ಉಳಿದದ್ದು ಎರಡು. ಸ್ವಲ್ಪ ದಿನದಲ್ಲಿ ಅವು ಗಂಟಿನ ಮೇಲೆಯೇ ಚಿಗುರಿದವು.

ನಕ್ಕಿದ್ದ ಅತ್ತೆ ಯಾವಾಗ ಆ ಗಿಡಗಳ ಹತ್ತಿರ ಕೂರತೊಡಗಿದರೋ ನನಗೆ ನೆನಪಿಲ್ಲ. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ನೇರ ಹಿತ್ತಲಿಗೆ ಬರುವರು. ಬುಡದಲ್ಲಿ ಮೂಡಿದ ಕಾಡು ಚಿಗುರನ್ನು ಹೆಬ್ಬೆರಳಿನಿಂದ ಒರೆಸಿ ತೆಗೆಯುವರು. ಅವರ ಬೆರಳಿನ ವಿಭೂತಿ ಕಾಂಡಕ್ಕೆ ಹತ್ತಿರುತ್ತಿತ್ತು. ಬೇಸಿಗೆಯಲ್ಲಿ ತಮ್ಮ ಹಳೆಯ ಇಳಕಲ್ ಸೀರೆಯೊಂದನ್ನು ಎರಡು ತುಂಡು ಮಾಡಿ ನಾಲ್ಕು ಕಡ್ಡಿಗೆ ಕಟ್ಟಿಸಿ ನೆರಳು ಮಾಡಿದರು. ಮಳೆ ಶುರುವಾದ ಮೇಲೆ ಕಾಂಡ ದಪ್ಪಗಾಯಿತು. ಒಂದು ದಿನ ನನ್ನನ್ನು ಕರೆದು ಗಂಟು ತೋರಿಸಿದರು.

"ಇಲ್ಲಿ ನೋಡು. ಕೂಸಿನ ಉಡದಾರ ಬಿಗಿ ಆದಂಗ ಆಗ್ಯಾದ. ಬಿಚ್ಚು."

"ಗಂಟ್ ಬಿಟ್ಟುಗಿಟ್ಟೀತರೀ ಅತ್ತಿ."

"ಕೂಡಿಕೊಂಡದ, ಬಿಡಂಗಿಲ್ಲ. ಸಾವಕಾಶ ಬಿಚ್ಚು."

ಬ್ಲೇಡಿನಿಂದ ಪಟ್ಟಿ ಸೀಳಿದೆ. ಒಳಗೆ ತೊಗಟೆ ಉಬ್ಬಿ, ಎರಡು ಕಡ್ಡಿ ಒಂದೇ ಆಗಿತ್ತು. ಅತ್ತೆ ಅದರ ಮೇಲೆ ಬೆರಳಾಡಿಸಿ ಎದ್ದುಹೋದರು.

ಮರುವರ್ಷದ ಚಳಿ ಇಳಿಯುವ ಹೊತ್ತಿಗೆ ಗಿಡಗಳು ನನ್ನೆದೆಯ ಎತ್ತರಕ್ಕೆ ಬಂದು ಹೂಬಿಟ್ಟವು. ಬಿಳಿ ಹೂ, ಅಂಚಿಗೆ ತುಸು ಗುಲಾಬಿ. ಓಣಿಯ ಹೆಂಗಸರೆಲ್ಲ ನೋಡಿಹೋದರು. ಅಂದು ಸಂಜೆ ಗಂಡ ಸುದ್ದಿ ತಂದರು. ಗಿಡ ಇನ್ನೂ ಎಳೆಯದು, ಈ ವರ್ಷ ಒಂದೂ ಕಾಯಿ ಬಿಡಬಾರದು, ಹೂವನ್ನೆಲ್ಲ ಚಿವುಟಿಬಿಡಬೇಕಂತೆ.

ಮರುದಿನ ಅತ್ತೆ ಒಂದು ಗಿಡ, ನಾನೊಂದು ಗಿಡ ಹಿಡಿದು ಚಿವುಟಲು ನಿಂತೆವು. ಅವರು ಚಕಚಕ ಮುಗಿಸಿದರು. ನಾನು ಗೋಡೆಯ ಕಡೆಗಿದ್ದ ಒಂದು ಗೊಂಚಲನ್ನು ಎಲೆಯ ಮರೆಯಲ್ಲಿ ಹಾಗೇ ಬಿಟ್ಟೆ. ಅತ್ತೆಯ ಕಣ್ಣಿಗೆ ಅದು ಬಿದ್ದೇಬಿಟ್ಟಿತು.

"ಇದೊಂದ್ ಯಾಕ ಉಳಸೀದಿ?"

"ಇರ್ಲಿ ಬಿಡ್ರಿ ಅತ್ತಿ. ಒಂದರ ಕಾಯಿ ಆಗ್ಲಿ, ನಿಮಗ ತಿನ್ನಲಾಕ."

"ನಂಗ ತಿನ್ನಲಾಕ ಉಮರ್ಗಾ ಬಜಾರದಾಗ ಸಿಗಲ್ಲೇನು?" ಎನ್ನುತ್ತ ಗೊಂಚಲಿಗೆ ಕೈಹಾಕಿ ಚಿವುಟಿದರು. "ಎಳೀ ಗಿಡಕ್ಕ ಹೊರಸಬ್ಯಾಡ. ತಾಕತ್ ಬರ್ಲಿ ಮೊದಲ."

ಆಮೇಲೆ ಅಂಗೈಯಲ್ಲಿದ್ದ ಹೂಗಳನ್ನು ನೋಡುತ್ತ ನಿಂತರು. ನನ್ನ ಕಡೆ ತಿರುಗದೆಯೇ ಹೇಳಿದರು, "ನಂಗ ಮೊದಲನೇದು ನಿಂತಾಗ ಇನ್ನಾ ಸೀರಿ ಉಡಲಾಕ ಬರ್ತಿದ್ದಿಲ್ಲ. ನಮ್ಮತ್ತಿ ಉಡಸ್ತಿದ್ದಳು. ಮೈಯಾಗ ಏನೂ ಇದ್ದಿಲ್ಲ. ಕೂಸು ಬಂತು, ಒಮ್ಮಿ ಅತ್ತು ಸುಮ್ಮ ಆಯ್ತು. ಸಣ್ಣಾಕಿ ಅದಾಳ, ಒಂದೆರಡು ವರ್ಷ ತಡೀರಿ ಅಂತ ಒಬ್ಬರೂ ಅನ್ಲಿಲ್ಲ ನೋಡು."

ಉದಗೀರಕ್ಕೆ ಕೊಟ್ಟ ನಾದಿನಿ, ನನ್ನ ಗಂಡನ ಅಕ್ಕ, ಅವರೇ ಅತ್ತೆಯ ಚೊಚ್ಚಲ ಮಗಳು ಎಂದು ನಾವೆಲ್ಲ ತಿಳಿದಿದ್ದೆವು. ಈ ಮನೆಗೆ ಸೊಸೆಯಾಗಿ ಬಂದು ಇಷ್ಟು ವರ್ಷವಾದರೂ ಇಂಥದೊಂದು ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಕೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಕರೆಂಟು ಬಂತು. "ಹೋಗು, ಮೋಟರ್ ಚಾಲೂ ಮಾಡು, ಮತ್ತ ಹೋದೀತು," ಎಂದರು. ಟಾಕಿಗೆ ನೀರು ಏರಿಸಿ ನಾನು ತಿರುಗಿ ಬಂದಾಗ ಅವರು ಹೂಗಳನ್ನು ಗಿಡದ ಬುಡಕ್ಕೆ ಹಾಕಿ ಒಳಗೆ ಹೋಗಿದ್ದರು.

ಇನ್ನೊಮ್ಮೆ ಕೇಳೋಣ ಅಂದುಕೊಂಡೆ. ಅಡುಗೆ ಮಾಡುವಾಗ, ತಲೆಗೆ ಎಣ್ಣೆ ಹಚ್ಚುವಾಗ, ಎಷ್ಟೋ ಸಲ ಮಾತು ತುದಿನಾಲಿಗೆಗೆ ಬಂತು. ಅವರು ನಗುತ್ತಿರುವಾಗ ಕೇಳಿ ಯಾಕೆ ನೋಯಿಸಲಿ ಎನ್ನಿಸಿತು. ಸಪ್ಪಗೆ ಕೂತಾಗಲೂ ಹಾಗೆಯೇ ಎನ್ನಿಸಿತು. ಆ ವರ್ಷದ ಮಳೆಗಾಲದಲ್ಲಿ ಅವರಿಗೆ ಜ್ವರ ಬಂತು. ಉಮರ್ಗಾದ ಆಸ್ಪತ್ರೆಯಲ್ಲಿ ಇಳಿದಂತಾಗಿ ಮನೆಗೆ ಬಂದರು, ಗಂಜಿ ಕುಡಿದರು, ಗಿಡದ ಬುಡದಲ್ಲಿ ನೀರು ನಿಂತಿಲ್ಲ ತಾನೆ ಎಂದು ವಿಚಾರಿಸಿದರು. ಎರಡನೆಯ ದಿನ ಬೆಳಿಗ್ಗೆ ಎಬ್ಬಿಸಲು ಹೋದರೆ ಮೈ ತಣ್ಣಗಾಗಿತ್ತು. ನಮ್ಮ ಹೊಲದಲ್ಲೇ, ಮಾವನವರ ಪಕ್ಕದಲ್ಲಿ ಮಣ್ಣು ಮಾಡಿದೆವು.

ಮುಂದಿನ ಸಲ ಬಂದ ಹೂಗಳನ್ನು ಚಿವುಟುವ ಅಗತ್ಯವಿರಲಿಲ್ಲ. ಮೃಗಶಿರಾ ಮಳೆಗೆ ಮುಂಚೆ ಒಂದು ಬುಟ್ಟಿಯಷ್ಟು ಹಣ್ಣು ಸಿಕ್ಕಿತು. ಅಂಗಡಿಯ ಸೇಬಿನ ಕೆಂಪಿಲ್ಲ, ಅರ್ಧ ಹಳದಿ, ತುಸು ಹುಳಿ, ಆದರೆ ರಸವಿತ್ತು. ಉದಗೀರದಿಂದ ನಾದಿನಿ ಬಂದಿದ್ದರು. ಹಿತ್ತಲ ಕಟ್ಟೆಯ ಮೇಲೆ ಕೂತು ಹೋಳು ತಿನ್ನುತ್ತ, "ಅವ್ವಗ ಒಂದರ ಹಣ್ಣು ತಿನ್ನೋ ಯೋಗ ಇದ್ದಿಲ್ಲ ನೋಡವಾ," ಎಂದರು. ಆಗ ನನಗೆ ತಡೆಯಲಾಗಲಿಲ್ಲ. ಗೊಂಚಲು ಉಳಿಸಿದ್ದು, ಅತ್ತೆ ಚಿವುಟಿದ್ದು, ಅಂದ ಮಾತು, ಎಲ್ಲ ಹೇಳಿದೆ.

ನಾದಿನಿಯ ಕೈ ಅಲ್ಲಿಗೇ ನಿಂತಿತು. "ನಂಗಿಂತ ಮೊದಲಾ?"

"ಹೌದ್ರಿ ಅಕ್ಕ."

"ಗಂಡೋ, ಹೆಣ್ಣೋ?"

"ಕೇಳಲಿಲ್ಲರೀ."

"ಎಲ್ಲಿ ಮಣ್ಣ ಮಾಡ್ಯಾರ?"

ಅದೂ ನನಗೆ ಗೊತ್ತಿರಲಿಲ್ಲ. ನಾದಿನಿ ಕೂಡಲೇ ನಿಲಂಗಾದಲ್ಲಿರುವ ಚಿಕ್ಕಮ್ಮನಿಗೆ ಫೋನು ಹಚ್ಚಿದರು. ಅತ್ತೆಯ ಒಡಹುಟ್ಟಿದವರಲ್ಲಿ ಉಳಿದವರು ಅವರೊಬ್ಬರೇ. ಕಿವಿ ಮಂದ, ಎರಡೆರಡು ಸಲ ಕೂಗಿ ಹೇಳಬೇಕಾಯಿತು. ಆ ಕಡೆಯಿಂದ ದನಿ ಬಂತು, "ಆವಾಗ ನಾ ಭಾಳ ಸಣ್ಣಾಕಿ ಇದ್ದೆ ತಾಯಿ. ನಂಗೇನೂ ಖಬರಿಲ್ಲ. ಅಕ್ಕ ಒಂದಿನಾನೂ ಅಂದಾಕಿ ಅಲ್ಲ."

ಫೋನು ಇಟ್ಟ ಮೇಲೆ ನಾದಿನಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮನಿಗಿ ನಾನೇ ಹಿರೇಮಗಳು ಅಂತ ಅವ್ವನ ಮುಂದ ಎಷ್ಟ್ ಸಲ ಜಗಳಾಡೀನಿ. ಒಮ್ಮೆರ ಅಲ್ಲ ಅಂದಿದ್ರ..." ಎಂದು ಅರ್ಧಕ್ಕೇ ನಿಲ್ಲಿಸಿದರು.

ಸಂಜೆಯ ಬಸ್ಸಿಗೆ ಅವರನ್ನು ಬಿಟ್ಟುಬರಲು ಗಂಡನೂ ನಾನೂ ಹೋದೆವು. ಕಿಟಕಿಯಿಂದ ಕೈ ಹೊರಚಾಚಿ ನನ್ನ ಕೈ ಹಿಡಿದು, ಅವ್ವ ನಿನಗಾದರೂ ಹೇಳಿದಳಲ್ಲ ಅಂದರು. ಅವರು ಸಮಾಧಾನಕ್ಕೆಂದೇ ಹೇಳಿದ ಮಾತದು. ನನಗೆ ಮಾತ್ರ ಸಮಾಧಾನವಾಗಲಿಲ್ಲ; ಅತ್ತೆ ಹೇಳಿದ್ದರು, ಗಂಡೋ ಹೆಣ್ಣೋ ಎಂದು ಸಹ ನಾನು ಕೇಳಿರಲಿಲ್ಲ.